ಹೆರಿಗೆ ವಾರ್ಡಿನ ಗೋಡೆ

ಆಸ್ಪತ್ರೆಯಲ್ಲಿ ಕೆಲಸ ಖಾಲಿ ಇದೆ ಎಂದು ಬೋರ್ಡು ಹಾಕಿದ ದಿನ ನನಗೆ ಊಟ ಸೇರುವುದಿಲ್ಲ. ಕೊಯಮತ್ತೂರಿನ ಹತ್ತಿರ, ಸೂಲೂರಿನಾಚೆ ಹೆದ್ದಾರಿಗೆ ಮುಖ ಮಾಡಿ ನಿಂತ ನಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಸಿಬ್ಬಂದಿ ವಿಭಾಗ ಎಂದರೆ ನಾನು, ಒಂದು ಕಂಪ್ಯೂಟರು, ಮತ್ತು ತಿರುಗಲೋ ಬೇಡವೋ ಎಂದು ಯೋಚಿಸುವ ಒಂದು ಫ್ಯಾನು. ಡ್ರೈವರ್ ಬೇಕು ಎಂದರೆ ಬಿ.ಎಡ್. ಆದವರು ಬರುತ್ತಾರೆ. ವಾರ್ಡ್ ಆಯಾ ಬೇಕು ಎಂದರೆ ಗಿರಣಿ ಮುಚ್ಚಿದ ಮೇಲೆ ಮನೆಯಲ್ಲಿ ಕೂತ ಗಂಡಸರು ಬಂದು, ನಮ್ಮನ್ನು ಏಕೆ ತೆಗೆದುಕೊಳ್ಳುವುದಿಲ್ಲ ಎಂದು ಜಗಳ ಮಾಡುತ್ತಾರೆ. ಎಲ್ಲರ ಮುಖವೂ ಬೆಳಗಿನಿಂದ ಸಂಜೆಯವರೆಗೆ ಕ್ಯೂ ನಿಂತು ಬಾಡಿರುತ್ತದೆ. ಇಲ್ಲ ಎನ್ನುವುದೇ ನನ್ನ ಸಂಬಳದ ಕೆಲಸ. ಸಂಜೆ ಮನೆಗೆ ಹೋದರೆ ಗಂಡನ ಹತ್ತಿರವೂ ಇಲ್ಲ ಎಂದೇ ಮಾತು ಶುರುವಾಗುತ್ತದೆ.

ನಾನು ವಿಜಯಮ್ಮ, ಚಿತ್ರದುರ್ಗದ ಕಡೆಯವಳು. ಗಂಡನಿಗೆ ಕೊಯಮತ್ತೂರಿನ ಪಂಪು ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ್ದರಿಂದ ಈ ಕಡೆ ಬಂದೆವು. ಜಗಳ ಆಡುವಷ್ಟು ತಮಿಳು ಕಲಿತಿದ್ದೇನೆ. ಕನ್ನಡ ಉಳಿದಿರುವುದು ಮನೆಗೆ ಮತ್ತು ಫೋನಿಗೆ. ತಿರುಮೂರ್ತಿಯವರ ಪರಿಚಯವಾದದ್ದೂ ಫೋನಿನಿಂದಲೇ. ಅಂದು ನಾನು ತಂಗಿಗೆ ಫೋನಿನಲ್ಲಿ ಗಟ್ಟಿಯಾಗಿ ಬೈಯುತ್ತಿದ್ದೆ. ಎದುರಿಗೆ ಬೆಂಚಿನ ಮೇಲೆ ಕೂತಿದ್ದ ಐವತ್ತು ದಾಟಿದ ಗಂಡಸೊಬ್ಬರು, ಬೈಗುಳ ಮುಗಿಯುವ ತನಕ ಮರ್ಯಾದೆಯಿಂದ ಕಾದು, ಎದ್ದು ಬಂದರು.

"ನೀವು ಕನ್ನಡವಾಮ್ಮಾ? ನಾವೂ ಕನ್ನಡವೇ. ಮನೇಲಿ ಮಾತ್ರ. ಓದಾಕೆ ಬರೆಯಾಕೆ ಬರಾದಿಲ್ಲೆ."

ಅವರ ಕನ್ನಡ ತಮಿಳಿನ ರಾಗದಲ್ಲಿ ಏರಿ ಇಳಿಯುತ್ತಿತ್ತು. ಅವರ ಹಿರಿಯರು ಯಾವ ಕಾಲದಲ್ಲಿ ಘಟ್ಟ ಇಳಿದು ಬಂದರೋ ಅವರಿಗೇ ಗೊತ್ತಿಲ್ಲ. ಒಕ್ಕಲುತನದ ಮನೆ; ಅಣ್ಣಂದಿರು ಇನ್ನೂ ಹೊಲದಲ್ಲಿದ್ದಾರೆ, ಇವರು ಮಾತ್ರ ಚಿಕ್ಕಂದಿನಲ್ಲೇ ಚಿಮಣಿ ಕೆಲಸಕ್ಕೆ ಬಿದ್ದವರು. ನಾವು ಹಾಕಿದ್ದ ಬೋರ್ಡಿನಲ್ಲಿ, ಗಾಳಿ ಕೊಳವೆ, ಅಡುಗೆಮನೆಯ ಚಿಮಣಿ, ಎಕ್ಸಾಸ್ಟ್ ಫ್ಯಾನುಗಳನ್ನು ನೋಡಿಕೊಳ್ಳಲು ಅನುಭವಸ್ಥ ಸಹಾಯಕ ಬೇಕು ಎಂದಿತ್ತು. ಬಂದವರೆಲ್ಲ ಸಂಬಳ ಎಷ್ಟು ಎಂದು ಕೇಳಿದರು. ಇವರು ಕೇಳಿದ್ದು ಬೇರೆ.

"ಇಲ್ಲಿ ಲಿಫ್ಟು ಇದೆಯಾಮ್ಮಾ?"

"ಎರಡಿವೆ. ಒಂದು ಕೆಟ್ಟಿರುತ್ತೆ."

"ಒಂದು ಸಾಕು. ಏರೋ ವೇಲೆ ಇನ್ನು ಬೇಡಮ್ಮಾ. ಮೊಳಕಾಲು ಮಾತು ಕೇಳಾದಿಲ್ಲೆ. ಉಸುರೂ ಅಂಗೇ."

ಕೆಲಸಕ್ಕೆ ಅವರು ತಮಿಳಿನಂತೆ ವೇಲೆ ಎನ್ನುತ್ತಿದ್ದರು. ಆಮೇಲೆ ಮಾತಿಗೆ ಮಾತು ಬೆಳೆದು ಅವರ ಕಥೆ ಗೊತ್ತಾಯಿತು. ಸೋದರಮಾವ ನಂಜಪ್ಪನ್ ಕೋತಗಿರಿಯ ಹಳೆಯ ಬಂಗಲೆಗಳಲ್ಲಿ ಅಗ್ಗಿಷ್ಟಿಕೆ ಕಟ್ಟುವ, ರಿಪೇರಿ ಮಾಡುವ ಮೇಸ್ತ್ರಿ. ತಿರುಮೂರ್ತಿ ಅವನ ಹಿಂದೆ ಇಟ್ಟಿಗೆ ಹೊತ್ತು ಕೆಲಸ ಕಲಿತರು. ಬೆಟ್ಟದ ಚಳಿ ಸಾಕಾಗಿ ತಿರುಪ್ಪೂರಿಗೆ ಇಳಿದು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಬಾಯ್ಲರ್ ಚಿಮಣಿ ಏರಿದರು. ಸೊಂಟಕ್ಕೆ ಬೆಲ್ಟು, ಮೂಗಿಗೆ ಟವೆಲ್ಲು, ಕೆಳಗೆ ನೋಡಿದರೆ ಊರೆಲ್ಲ ಒಣಹಾಕಿದ ಬಟ್ಟೆ. ಮೂಳೆ ಗಟ್ಟಿ ಇರುವಷ್ಟು ದಿನ ಅದು. ಆಮೇಲೆ ಕೊಯಮತ್ತೂರಿನ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆಮನೆಗೆ ಚಿಮಣಿ ಕೂರಿಸುವ ಕಾಲ ಬಂತು. ಲಿಫ್ಟು ಕೆಲಸದವರಿಗಲ್ಲ ಎಂದು ಬರೆದಿರುವ ಕಟ್ಟಡಗಳಲ್ಲಿ, ಚಿಮಣಿಯ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತುವುದೇ ಕೂರಿಸುವುದಕ್ಕಿಂತ ದೊಡ್ಡ ಕೆಲಸ. ಲಿಫ್ಟಿನ ಪ್ರಶ್ನೆಯ ಮೂಲ ಅದು.

ಅವರ ಹತ್ತಿರ ನಗು ಬರಿಸುವ ಕಥೆಗಳೂ ಇದ್ದವು. ತಿರುಪ್ಪೂರಿನ ಬನಿಯನ್ ವ್ಯಾಪಾರಿಯೊಬ್ಬ ಬೇಸಗೆಯಲ್ಲಿ ಬೆವರು ಸುರಿಯುವ ಊರಿನಲ್ಲಿ, ಫಾರಿನ್ನಿನಲ್ಲಿ ನೋಡಿದೆ ಎಂದು ಹಾಲ್‌ನಲ್ಲಿ ಅಗ್ಗಿಷ್ಟಿಕೆ ಕಟ್ಟಿಸಿದನಂತೆ. ಮೊದಲ ಬೆಂಕಿಯನ್ನು ಕಟ್ಟಿದವನೇ ಹಚ್ಚಿ ಹೊಗೆ ಸರಿಯಾಗಿ ಏರುತ್ತದೆಯೇ ನೋಡಬೇಕು, ಅದು ಈ ಕೆಲಸದ ಪದ್ಧತಿ. ಇವರು ಬೆಂಕಿ ಹಚ್ಚಿದರು. ಮನೆಯವರೆಲ್ಲ ಎ.ಸಿ. ಹಾಕಿಕೊಂಡು ಸೋಫಾದಲ್ಲಿ ಕೂತು ಚಪ್ಪಾಳೆ ತಟ್ಟಿದರು. ಆಮೇಲೆ ಅದನ್ನು ಯಾರೂ ಹಚ್ಚಿಲ್ಲ. ಈಗ ಅದರೊಳಗೆ ಚಪ್ಪಲಿ ಇಡುತ್ತಾರೆ.

ಇನ್ನೊಂದು ಪದ್ಧತಿಯನ್ನೂ ಅವರು ಅಂದೇ ಹೇಳಿದರು. ನಾನು ಅದನ್ನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಚಿಮಣಿ ಕೂರಿಸಬೇಕಾದರೆ ಗೋಡೆಗೆ ದೊಡ್ಡ ತೂತು ಹಾಕಬೇಕು. ತೂತು ಹಾಕುವ ಮೊದಲು ಇವರು ಮನೆಯ ಹಿರಿಯ ಹೆಂಗಸನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಯಾರಾದರೂ ಬಸುರಿ ಇದ್ದಾರೆಯೇ ಎಂದು ಕೇಳುತ್ತಿದ್ದರು. ಇದ್ದರೆ ಉಳಿ ಎತ್ತುತ್ತಿರಲಿಲ್ಲ. ಬಸುರಿ ಇರುವ ಮನೆಯ ಗೋಡೆ ಒಡೆಯಬಾರದು, ಮೊಳೆ ಕೂಡ ಹೊಡೆಯಬಾರದು ಎಂಬುದು ಈ ಸೀಮೆಯಲ್ಲಿ ಬಹಳ ಮನೆಗಳಲ್ಲಿ ಇರುವ ನಂಬಿಕೆ. ಹೆರಿಗೆ ಆಗಲಿ, ಆಮೇಲೆ ಕರೆಯಿರಿ ಎಂದು ಇವರು ಸಾಮಾನು ಕಟ್ಟಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಹೀಗೆ ಕೈಬಿಟ್ಟ ಕೆಲಸಗಳಿಗೆ ಕೊನೆಯಿಲ್ಲ.

ಈ ಮನುಷ್ಯನನ್ನು ತಂದು ಹೆರಿಗೆ ಆಸ್ಪತ್ರೆಯಲ್ಲಿ ಕೂರಿಸುತ್ತಿದ್ದೇನೆ ಎಂದು ನನ್ನ ಮಂಡೆಗೆ ಅಂದು ಹೊಳೆಯಲೇ ಇಲ್ಲ. ಅವರಿಗೂ ಹೊಳೆಯಲಿಲ್ಲ. ಅವರಿಗೆ ಕಂಡದ್ದು ಲಿಫ್ಟು ಮಾತ್ರ.

ವೈದ್ಯಕೀಯ ಪರೀಕ್ಷೆಯಲ್ಲಿ ಡಾಕ್ಟರು ಎದೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎತ್ತರಕ್ಕೆ ಏರುವ ಕೆಲಸ ಇನ್ನು ಮಾಡಿದರೆ ಜೀವಕ್ಕೇ ಅಪಾಯ, ನೆಲದ ಮೇಲಿನ ಕೆಲಸವಾದರೆ ಸರಿ ಎಂದು ಬರೆದರು. ಹಾಗೆ ತಿರುಮೂರ್ತಿ ನಮ್ಮವರಾದರು, ಆರು ತಿಂಗಳ ಪ್ರೊಬೇಷನ್ ಮೇಲೆ. ಒಂದೇ ಮಹಡಿಗೂ ಲಿಫ್ಟಿನಲ್ಲೇ ಹೋಗುತ್ತಿದ್ದರು. ಆಯಾಗಳು, ಚಿಮಣಿ ರಾಜರ ಸವಾರಿ ಬಂತು ಎಂದು ಗೇಲಿ ಮಾಡಿದರೆ, ನಗುತ್ತಾ ಇಸ್ತ್ರಿ ಮಾಡಿದ ಯೂನಿಫಾರ್ಮಿನ ಜೇಬು ಸರಿಪಡಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಹಾಜರಿ ಹಾಕಲು ಬಂದಾಗ ಕನ್ನಡದಲ್ಲಿ ಎರಡು ಮಾತು. ಇಡೀ ಆಸ್ಪತ್ರೆಯಲ್ಲಿ ಆ ಮಾತು ಅರ್ಥವಾಗುವವರು ನಾವಿಬ್ಬರೇ. ಅವರ ಮುಖದ ದಣಿವು ಸ್ವಲ್ಪ ಇಳಿದದ್ದು ಕಂಡು ನನಗೂ ಸಮಾಧಾನವಾಗುತ್ತಿತ್ತು. ಒಬ್ಬರಿಗಾದರೂ ಹೂಂ ಎಂದಿದ್ದೆನಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ತಕರಾರು ಬಂತು. ಮೊದಲ ಮಹಡಿಯ ಹೆರಿಗೆ ವಾರ್ಡಿಗೆ ಅಂಟಿಕೊಂಡು ಒಂದು ಚಿಕ್ಕ ಅಡುಗೆಕೋಣೆ ಇದೆ. ಹೆರಿಗೆಗೆ ಕಾದಿರುವವರಿಗೆ, ಬಾಣಂತಿಯರಿಗೆ ಗಂಜಿ, ರಸಂ ಅಲ್ಲೇ ಆಗಬೇಕು. ಹೊಗೆ ಹೋಗಲು ದಾರಿ ಇಲ್ಲದೆ, ಒಗ್ಗರಣೆ ಹಾಕಿದರೆ ವಾರ್ಡಿನಲ್ಲಿ ಮಲಗಿದ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ಕೆಮ್ಮುತ್ತಿದ್ದರು. ಹೊರಗೋಡೆಗೆ ತೂತು ಹಾಕಿ ಚಿಮಣಿ ಕೂರಿಸುವಂತೆ ಮೇಂಟೆನೆನ್ಸ್ ಇಂಜಿನಿಯರ್ ಸರವಣಕುಮಾರ್ ತಿರುಮೂರ್ತಿಯವರಿಗೆ ಹೇಳಿದರು.

"ವಾರ್ಡು ಖಾಲಿ ಆಗಲಿ ಸಾರ್, ಹಾಕ್ತೀನಿ," ಎಂದರಂತೆ ಇವರು ತಮಿಳಿನಲ್ಲಿ.

ಸರವಣಕುಮಾರ್ ನನ್ನ ಹತ್ತಿರ ಬಂದು ತಲೆ ಚಚ್ಚಿಕೊಂಡರು. "ಎನ್ನಂಗ ಮೇಡಂ ಇದು? ಹೆರಿಗೆ ವಾರ್ಡು ಯಾವತ್ತಾದ್ರೂ ಖಾಲಿ ಆಗುತ್ತಾ? ಖಾಲಿ ಆದರೆ ನಿಮ್ಮ ಸಂಬಳ ಯಾರು ಕೊಡ್ತಾರೆ, ನನ್ನ ಸಂಬಳ ಯಾರು ಕೊಡ್ತಾರೆ?"

ನನಗೆ ನಗು ತಡೆಯಲಾಗಲಿಲ್ಲ. ಸರವಣಕುಮಾರ್ ನಗಲಿಲ್ಲ. ಅವರು ಕೆಟ್ಟವರಲ್ಲ, ಅವರ ಮೇಲೂ ಕೂಗುವವರು ಇದ್ದಾರೆ. ಸೋಮವಾರದೊಳಗೆ ತೂತು ಬೀಳಬೇಕು, ಇಲ್ಲದಿದ್ದರೆ ಪ್ರೊಬೇಷನ್ ಅಲ್ಲಿಗೇ ಮುಗಿಸಿ, ಬೇರೆಯವರಿಗೆ ಬೋರ್ಡು ಹಾಕಿ ಎಂದು ಹೇಳಿ ಹೋದರು. ಆಗ ನನ್ನ ನಗುವೂ ನಿಂತಿತು. ಆ ಕಾಗದ ಟೈಪ್ ಮಾಡಬೇಕಾದವಳು ನಾನೇ.

ಸಂಜೆ ತಿರುಮೂರ್ತಿ ಬಂದು ಬೆಂಚಿನ ಮೇಲೆ ಕೂತರು, ಮೊದಲ ದಿನ ಕೂತ ಹಾಗೆಯೇ.

"ಬೇರೆ ಏನಾದ್ರೂ ವೇಲೆ ಇದೆಯಾಮ್ಮಾ ಇಲ್ಲಿ? ಕಸ ಗುಡಿಸಾದಾದ್ರೂ ಸರಿ."

ನನಗೆ ಸಿಟ್ಟು ಬಂತು. "ಗುಡಿಸೋಕೆ ಹೆಂಗಸರನ್ನೇ ತಗೊಳ್ಳೋದು. ಸೆಕ್ಯುರಿಟಿಗೆ ರಾತ್ರಿಯೆಲ್ಲ ನಿಲ್ಲಬೇಕು, ನಿಮ್ಮ ಮೊಣಕಾಲಿಗೆ ಆಗಲ್ಲ. ಡ್ರೈವಿಂಗ್ ಬರಲ್ಲ. ಒಂದು ತೂತು ಹಾಕೋಕೆ ಏನು ರಗಳೆ ನಿಮ್ಮದು? ಆ ಹೆಂಗಸರು ಹೊಗೆ ಕುಡಿದು ಸಾಯ್ತಿರೋದು ಕಾಣಲ್ವಾ?"

"ಕಾಣ್ತದೆ," ಎಂದರು. "ತಿರುಪ್ಪೂರಿಂದ ಫೋನು ಬಂದದೆ. ಬಾಯ್ಲರ್ ಚಿಮಣಿ ವೇಲೆ. ಅಲ್ಲಿಗೇ ಓಗ್ತೀನಿ."

"ಏರಿದರೆ ಜೀವಕ್ಕೇ ಅಪಾಯ ಅಂತ ಡಾಕ್ಟರು ಬರೆದಿದ್ದಾರೆ."

"ಅಲ್ಲಿ ಬಸ್ರಿಯರು ಇರಾದಿಲ್ಲೆಮ್ಮಾ," ಎಂದು ಎದ್ದು ಹೋದರು.

ಇಂಥ ಮೊಂಡರನ್ನು ನಾನು ನೋಡಿಲ್ಲ ಎಂದು ಗಂಡನ ಹತ್ತಿರ ಗೊಣಗಿದೆ. ಶನಿವಾರ ಮಧ್ಯಾಹ್ನ ಅವರ ಹೆಂಡತಿ ಮಲ್ಲಿಗಾ ಬರದೇ ಇದ್ದಿದ್ದರೆ ಅವರನ್ನು ಮೊಂಡರೆಂದೇ ತಿಳಿದುಕೊಂಡಿರುತ್ತಿದ್ದೆ.

ಮಲ್ಲಿಗಾ ಸಣ್ಣ ಹೆಂಗಸು, ಪವರ್‌ಲೂಮ್ ಶೆಡ್ಡಿನಲ್ಲಿ ನೂಲು ಸುತ್ತುವ ಕೆಲಸ. ಮಗ್ಗದ ಸದ್ದಿನಲ್ಲಿ ಇದ್ದು ಇದ್ದು ಅವರಿಗೆ ಮೆಲ್ಲಗೆ ಮಾತಾಡುವುದು ಮರೆತುಹೋಗಿದೆ. ನನ್ನ ಕೋಣೆಯ ಬಾಗಿಲಲ್ಲಿ ನಿಂತೇ ಗಟ್ಟಿಯಾಗಿ ಕೇಳಿದರು. "ವಿಜಯಮ್ಮ ಯಾರು? ನೀವೇನಾ? ಅವ್ರು ವೇಲೆ ಬಿಡ್ತೀನಿ ಅಂತಾರೆ. ಕಾಗದ ಬರೀಬೇಡಿ. ನಾನು ಯೋಳ್ತೀನಿ ಅವ್ರಿಗೆ."

ಕೂರಿಸಿ, ಕ್ಯಾಂಟೀನಿನಿಂದ ಟೀ ತರಿಸಿದೆ. ಟೀ ಆರುವವರೆಗೆ ಅವರು ಹೇಳಿದ್ದು ಇದು.

ಮಗಳು ಹುಟ್ಟಿದ ಮೇಲೆ ಮಲ್ಲಿಗಾ ಮತ್ತೆ ಬಸುರಿಯಾಗಿದ್ದರು. ಆಗ ಅವರ ಮನೆಯಲ್ಲಿ ಸೌದೆ ಒಲೆ. ಬಸುರಿ ಹೆಂಗಸು ಒಲೆಯ ಮುಂದೆ ಕೂತು ಕೆಮ್ಮುವುದನ್ನು ನೋಡಿ ತಿರುಮೂರ್ತಿಗೆ ತಡೆಯಲಾಗಲಿಲ್ಲ. ಊರವರ ಮನೆಗೆಲ್ಲ ಹೊಗೆಗೆ ದಾರಿ ಮಾಡಿಕೊಡುವವನ ಹೆಂಡತಿಗೇ ಹೊಗೆ ಎಂದರೆ ಏನು ಮರ್ಯಾದೆ? ಅತ್ತೆ ಲಕ್ಷ್ಮಿಯಮ್ಮಾಳ್ ಬೇಡ, ಬಸುರಿ ಇರುವ ಮನೆ, ಗೋಡೆ ಮುಟ್ಟಬೇಡ ಎಂದು ಅಡ್ಡ ನಿಂತರು. ಇವರು ಕೇಳಲಿಲ್ಲ. ಆಗ ಇವರಿಗೆ ಅಂಥದ್ದರಲ್ಲೆಲ್ಲ ನಂಬಿಕೆ ಇರಲಿಲ್ಲ. ಒಂದು ಭಾನುವಾರ ಅಡುಗೆಮನೆಯ ಗೋಡೆ ಕೊರೆದು, ತಗಡಿನ ಚಿಮಣಿ ಕೂರಿಸಿ, ಮೊದಲ ಬೆಂಕಿ ತಾವೇ ಹಚ್ಚಿದರು. ಹೊಗೆ ನೆಟ್ಟಗೆ ಏರಿ ಹೊರಗೆ ಹೋಯಿತು. ಹೆರಿಗೆಯ ತನಕ ಮೂರು ತಿಂಗಳು ನಾನು ರಾಣಿ ಹಾಗೆ ಅಡುಗೆ ಮಾಡಿದೆ ಎಂದು ಮಲ್ಲಿಗಾ ಹೇಳುವಾಗ ಅವರ ಮುಖ ಬೆಳಗಿತು.

"ಕೂಸು ಉಟ್ತು. ಅಳ್ನಿಲ್ಲ," ಎಂದರು. "ಗಂಡು ಕೂಸು. ಎಲ್ಲಾರೂ ಅದು ಅಳ್ತದೆ ಅಳ್ತದೆ ಅಂತ ಕಾಯ್ತಾ ಇದ್ದೋ."

ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು ಎಂದು ಡಾಕ್ಟರು ಹೇಳಿದರು. ಗೋಡೆ ಎಂದು ಅತ್ತೆ ಹೇಳಿದರು, ಸಾಯುವ ತನಕ ಹೇಳಿದರು. ತಿರುಮೂರ್ತಿ ಚಿಮಣಿ ಕಿತ್ತು, ಇಟ್ಟಿಗೆಯಿಂದ ತೂತು ಮುಚ್ಚಿ, ಮೇಲೆ ಸುಣ್ಣ ಬಳಿದರು. ಗ್ಯಾಸ್ ಬರುವ ತನಕ ಮಲ್ಲಿಗಾ ಮತ್ತೆ ಹೊಗೆಯಲ್ಲೇ ಅಡುಗೆ ಮಾಡಿದರು. ಅಂದಿನಿಂದ ಅವರು ಕೇಳದೆ ಯಾವ ಮನೆಯ ಗೋಡೆಯನ್ನೂ ಮುಟ್ಟಿಲ್ಲ.

"ನೀವು ಅವರ ಮೇಲೆ ತಪ್ಪು ಹೊರಿಸಿದ್ದೀರಾ?" ಎಂದೆ.

"ನಾನಾ? ಅವ್ರು ನಂಗೋಸ್ಕರ ತಾನೇ ಮಾಡಿದ್ದು. ತಪ್ಪು ಯಾರ ಮೇಲೆ ಆಕಾದು? ಆದ್ರೆ ಯೋಳುದ್ರೆ ಕೇಳ್ಬೇಕಲ್ಲ. ಅಂದಿಂದ ಅವ್ರು ನನ್ ಕೂಡೆ ಅದರ ಮಾತೇ ಆಡಾದಿಲ್ಲೆ. ಇವತ್ತು ಆಡ್ತೀನಿ ನಾನು."

ಅವರು ಹೋದ ಮೇಲೆ ಟೀ ಲೋಟ ಹಾಗೇ ಇತ್ತು. ಒಂದು ಗುಟುಕೂ ಕುಡಿದಿರಲಿಲ್ಲ. ತೂತಿಗೆ ರಗಳೆ ಎಂದಿದ್ದೆನಲ್ಲ, ಆ ಮಾತನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ಎನಿಸಿತು.

ಆ ರಾತ್ರಿ ಗಂಡ ಹೆಂಡತಿ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ತಿರುಮೂರ್ತಿ ಹಾಜರಿ ಹಾಕಿ, "ಆಕ್ತೀನಿ ಮಾ," ಎಂದಷ್ಟೇ ಹೇಳಿ ಮೇಲೆ ಹೋದರು. ಮುಖ ಬಾಡಿ, ಒಂದು ವಾರದ ಜ್ವರದಿಂದ ಎದ್ದವರಂತಿದ್ದರು.

ಡ್ರಿಲ್ ಮಿಷನ್ ಸಿದ್ಧವಾಗಿತ್ತು. ಅವರು ಅದನ್ನು ಮುಟ್ಟಲಿಲ್ಲ. ಮಿಷನ್ ಹಾಕಿದರೆ ಗೋಡೆ ನಡುಗುತ್ತದೆ, ಹೊಟ್ಟೆಯೊಳಗಿನವು ಬೆಚ್ಚುತ್ತವೆ ಎಂದು ಉಳಿ ಸುತ್ತಿಗೆ ಹಿಡಿದರು. ವಾರ್ಡಿನ ಹಿರಿಯ ನರ್ಸ್ ಕಲೈಸೆಲ್ವಿ, ಎಲ್ಲರನ್ನೂ ಬೇರೆ ಕಡೆಗೆ ಸಾಗಿಸಲು "ಮುಡಿಯಾದುಂಗ", ಆಗುವುದಿಲ್ಲ ಎಂದು ಮೊದಲು ರೇಗಿದವರು, ಅವರ ಮುಖ ನೋಡಿ ಅದೇನನ್ನಿಸಿತೋ, ನಡೆಯಬಲ್ಲ ಬಸುರಿಯರನ್ನೆಲ್ಲ ಆಚೆ ತುದಿಯ ವರಾಂಡಕ್ಕೆ ಕರೆದುಕೊಂಡು ಹೋಗಿ ಕೂರಿಸಿದರು. ಮಿಷನ್ನಿಗೆ ಅರ್ಧ ಗಂಟೆಯ ಕೆಲಸ. ಇವರಿಗೆ ಇಡೀ ದಿನ ಹಿಡಿಯಿತು. ಸರವಣಕುಮಾರ್ ಎರಡು ಸಲ ಬಂದು ನೋಡಿ ಹೋದರು. ಸಂಜೆ ಒಲೆ ಹಚ್ಚಿ, ಎಣ್ಣೆ ಕಾಯಿಸಿ, ಮೆಣಸಿನಕಾಯಿ ಹಾಕಿದರು. ವಾರ್ಡಿನಲ್ಲಿ ಯಾರೂ ಕೆಮ್ಮಲಿಲ್ಲ. ಇವರೇ ಒಬ್ಬರು, ಸುಣ್ಣದ ಧೂಳಿಗೆ, ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದರು.

ಕೆಲಸ ಉಳಿಯಿತು. ನಾನು ಕಾಗದ ಟೈಪ್ ಮಾಡಲಿಲ್ಲ. ಕಥೆ ಮುಗಿಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಹಾಜರಿ ಹಾಕಲು ಬಂದವರು ಪೆನ್ನು ಕೆಳಗಿಡಲಿಲ್ಲ.

"ರಾತ್ರಿ ಉಟ್ಟವು ಎಲ್ಲಾ ಅತ್ತವಾಮ್ಮಾ?"

ನನಗೆ ಮೊದಲು ಅರ್ಥವಾಗಲಿಲ್ಲ. ರಾತ್ರಿ ಹುಟ್ಟಿದ ಕೂಸುಗಳ ಮಾತೆಂದು ಅರ್ಥವಾದ ಮೇಲೆ ಮೇಲಕ್ಕೆ ಫೋನು ಮಾಡಿ ಕಲೈಸೆಲ್ವಿಯನ್ನು ಕೇಳಿದೆ. ಎಲ್ಲವೂ ಅತ್ತಿದ್ದವು, ಒಂದಂತೂ ಇನ್ನೂ ನಿಲ್ಲಿಸಿಲ್ಲ ಎಂದರು ಕಲೈಸೆಲ್ವಿ. ಹೇಳಿದೆ. "ಸರಿ ಮಾ," ಎಂದು ಪೆನ್ನು ಇಟ್ಟು ಹೋದರು.

ಅಂದಿನಿಂದ ದಿನಾ ಅದೇ ಪ್ರಶ್ನೆ. ಹಬ್ಬದ ಮರುದಿನವೂ, ಬಸ್ ಮುಷ್ಕರದಲ್ಲಿ ನಡೆದು ಬಂದ ದಿನವೂ. ತಮಿಳಿನಲ್ಲಿ ಯಾರನ್ನೂ ಕೇಳುತ್ತಿರಲಿಲ್ಲ. ಅದು ಮನೆಯ ಮಾತು, ಮನೆಯ ಭಾಷೆಯಲ್ಲೇ ಕೇಳಬೇಕಿತ್ತೇನೋ. ನನಗೆ ಬೇಸರವೂ ಆಗುತ್ತಿತ್ತು. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗಲೇ, ಇವತ್ತು ಎಲ್ಲವೂ ಅತ್ತಿರಲಿ ದೇವರೇ ಎಂದು ನನಗೇ ಗೊತ್ತಿಲ್ಲದೆ ಅಂದುಕೊಳ್ಳುವ ಹಾಗಾಯಿತು. ಅವರ ಭಾರದ ಒಂದು ತುದಿ ನನ್ನ ಹೆಗಲಿಗೂ ಬಂದು ಕೂತಿತ್ತು. ನಾನೇನು ಕೇಳಿದ್ದೆನೇ?

ಮಾರ್ಗಳಿ ತಿಂಗಳ ಚಳಿಯಲ್ಲಿ ಒಂದು ದಿನ ನಾನು ಫೋನು ಮಾಡುವ ಮೊದಲೇ ಕಲೈಸೆಲ್ವಿ ತಾವೇ ಕೆಳಗೆ ಬಂದರು. ಸಿರುಮುಗೈ ಕಡೆಯ ನೇಕಾರರ ಹುಡುಗಿ, ಮೊದಲ ಹೆರಿಗೆ, ಬರುವಾಗಲೇ ತಡವಾಗಿತ್ತು. ಕೂಸು ಹೊಟ್ಟೆಯೊಳಗೇ ತೀರಿಹೋಗಿತ್ತು ಎಂದರು. ಮುಖ ತೊಳೆದುಕೊಂಡು ಬಂದಿದ್ದರು, ಆದರೂ ಕಣ್ಣು ಕೆಂಪಗಿತ್ತು. "ಆ ಚಿಮಣಿ ಅಣ್ಣನಿಗೆ ಹೇಳಬೇಡಿ ಮೇಡಂ," ಎಂದರು. ತಿರುಮೂರ್ತಿ ದಿನಾ ಕೇಳುತ್ತಾರೆಂದು ನಾನೇ ಫೋನಿನಲ್ಲಿ ಹೇಳಿದ್ದರಿಂದ ಅವರಿಗೆ ಗೊತ್ತಿತ್ತು.

ತಿರುಮೂರ್ತಿ ಅಂದು ಎಂದಿಗಿಂತ ತಡವಾಗಿ ನನ್ನ ಮೇಜಿನ ಹತ್ತಿರ ಬಂದರು. ಹಾಜರಿ ಹಾಕಿದರು. ಪೆನ್ನು ಕೈಯಲ್ಲೇ ಇತ್ತು.

"ಎಲ್ಲಾ ಅತ್ತವಾಮ್ಮಾ?"

"ಅತ್ತವು," ಎಂದೆ.

ನನ್ನ ಧ್ವನಿ ಸರಿಯಾಗಿಯೇ ಇತ್ತು. ಇಷ್ಟು ವರ್ಷ ಜನರಿಗೆ ಕೆಲಸ ಇಲ್ಲ ಎಂದು ಹೇಳಿ ಹೇಳಿ ಮುಖ ಕದಲಿಸದೆ ಮಾತಾಡುವುದು ಅಭ್ಯಾಸವಾಗಿದೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು. "ಸರಿ ಮಾ," ಎಂದು ಪೆನ್ನು ಇಟ್ಟು, ಮೆಲ್ಲಗೆ ಲಿಫ್ಟಿನ ಕಡೆ ಹೋದರು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಗೇಟಿನ ಕಾವಲುಗಾರ ವೆಲ್ಲಿಂಗಿರಿ ಮಾತಿಗೆ ಸಿಕ್ಕಿದ. ಬೆಳಗಿನ ವಿಷಯ ತಾನಾಗೇ ಎತ್ತಿದ. ಆ ಸಿರುಮುಗೈ ಹುಡುಗಿಯ ಗಂಡ ಒಬ್ಬನೇ ಇದ್ದನಂತೆ. ಬಟ್ಟೆ ಸುತ್ತಿದ ಕೂಸನ್ನು ಕೈಗೆ ಕೊಟ್ಟರೆ ಅವನು ಲಾಬಿಯಲ್ಲೇ ಕುಸಿದು ಕೂತುಬಿಟ್ಟ. ಕೆಲಸಕ್ಕೆ ಬೇಗ ಬಂದಿದ್ದ ತಿರುಮೂರ್ತಿ ಊಟದ ಡಬ್ಬಿ ಕೆಳಗಿಟ್ಟು, ಕೂಸನ್ನು ಎತ್ತಿಕೊಂಡು, ಅವನ ತೋಳು ಹಿಡಿದು ವ್ಯಾನಿನವರೆಗೆ ನಡೆಸಿಕೊಂಡು ಹೋದರು. ವ್ಯಾನು ಹೊರಟ ಮೇಲೂ ರಸ್ತೆಯಲ್ಲೇ ನಿಂತಿದ್ದರು. ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ ಮೇಡಂ, ಮರೆತು ಹೋಗಿದ್ದಾರೆ ಎಂದ ವೆಲ್ಲಿಂಗಿರಿ.

ಕೈ ತೊಳೆದು, ಅವನಿಂದ ಡಬ್ಬಿ ತೆಗೆದುಕೊಂಡು ಮೊದಲ ಮಹಡಿಗೆ ಹೋದೆ. ಅಡುಗೆಕೋಣೆಯಲ್ಲಿ ಅವರು ಸ್ಟೂಲಿನ ಮೇಲೆ ಕೂತು ಚಿಮಣಿಯ ಜಾಲರಿ ತೊಳೆಯುತ್ತಿದ್ದರು. ಎಣ್ಣೆಯ ಜಿಡ್ಡು ಮೊಣಕೈವರೆಗೆ ಇತ್ತು. ಡಬ್ಬಿಯನ್ನು ಪಕ್ಕದಲ್ಲಿಟ್ಟೆ. ಅವರು ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. ಮತ್ತೆ ಜಾಲರಿ ತಿಕ್ಕತೊಡಗಿದರು. ಆಚೆ ವಾರ್ಡಿನಲ್ಲಿ ಯಾರದೋ ಕೂಸು ಹಸಿದು ಅರಚುತ್ತಿತ್ತು.

ಮರುದಿನ ಬೆಳಿಗ್ಗೆ ಅವರು ಬರುವುದಿಲ್ಲ, ತಿರುಪ್ಪೂರಿಗೆ ಹೋಗಿಬಿಡುತ್ತಾರೆ ಎಂದುಕೊಂಡೆ. ಹೊಸ ಬೋರ್ಡು ಬರೆಯಬೇಕಾಗುತ್ತದೆ. ಆದರೆ ಬಂದರು. ಇಸ್ತ್ರಿ ಮಾಡಿದ ಅದೇ ಯೂನಿಫಾರ್ಮು. ಹಾಜರಿ ಹಾಕಿ, ಪೆನ್ನು ಕೆಳಗಿಡದೆ ನಿಂತರು.

"ಎಲ್ಲಾ ಅತ್ತವಾಮ್ಮಾ?"

"ಎಲ್ಲಾ ಅತ್ತವು," ಎಂದೆ. ಅಂದು ಅದು ನಿಜವಾಗಿತ್ತು.

"ಸರಿ ಮಾ," ಎಂದು ಪೆನ್ನು ಇಟ್ಟರು. ಅಂದು ಎರಡೂ ಲಿಫ್ಟು ಕೆಟ್ಟಿದ್ದವು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಾ ಹೋದರು.